ಬೆಳಕಿನ ಬರಹ, ಬೇಟೆಯ ಮಾತು

ಇಂಗ್ಲಿಷಿನಲ್ಲಿ ಒಂದೇ ಚಿತ್ರಕ್ಕೆ ಎರಡು ಹೆಸರುಗಳುಂಟು: ಫೋಟೋಗ್ರಾಫ್ ಮತ್ತು ಸ್ನ್ಯಾಪ್‌ಶಾಟ್. ಬಳಕೆಯಲ್ಲಿ ಇವೆರಡಕ್ಕೂ ನಾವು ಹೆಚ್ಚಿನ ಭೇದವೆಣಿಸುವುದಿಲ್ಲ. ಆದರೆ ಮೂಲವನ್ನು ಅರಸಿ ಹೊರಟರೆ, ಒಂದು ನಮ್ಮನ್ನು ಗ್ರೀಕ್ ಬಲ್ಲ ಪಂಡಿತರ ಬಳಿಗೂ ಇನ್ನೊಂದು ಬೇಟೆಗಾರರ ಬಯಲಿಗೂ ಕರೆದೊಯ್ಯುತ್ತದೆ. ಈ ಎರಡು ದಾರಿಗಳು ಕೂಡುವಲ್ಲಿ ನಿಂತಿರುವವನು ಒಬ್ಬನೇ: ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷಲ್.

1839ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಹರ್ಷಲ್ ಈ ಹೊಸ ವಿದ್ಯೆಯನ್ನು ‘ಫೋಟೋಗ್ರಫಿ’ ಎಂದು ಕರೆದನು. ಆ ಮಾತನ್ನು ಅದಕ್ಕೆ ಮುನ್ನವೇ ಬಳಸಿದವರಿದ್ದರೂ, ವಿದ್ವತ್ಸಭೆಯಲ್ಲಿ ಅದಕ್ಕೆ ಮನ್ನಣೆ ದೊರಕಿಸಿದವನು ಅವನು. ‘ಬೆಳಕಿನ ಬರಹ’ ಎಂದು ಅದರ ಅರ್ಥ. ಬರೆಯುವುದು ಬೆಳಕು, ಹಲಗೆಯನ್ನೊಡ್ಡಿ ಕಾಯುವುದಷ್ಟೇ ಮನುಷ್ಯನ ಕೆಲಸ. ಅಂದಿನ ಆ ಕಾಯುವಿಕೆ ಅಲ್ಪವಾದುದಲ್ಲ. 1838ರ ಸುಮಾರಿಗೆ ಡಗೇರ್ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರದಲ್ಲಿ ಗಾಡಿ, ಕುದುರೆ, ಜನಜಂಗುಳಿ ಯಾವುದೂ ಕಾಣಿಸದು. ಚಲಿಸುತ್ತಿದ್ದ ಅವೆಲ್ಲ ಹಲಗೆಯ ಮೇಲೆ ನಿಲ್ಲಲಿಲ್ಲ. ಸ್ಪಷ್ಟವಾಗಿ ಮೂಡಿದ ಮನುಷ್ಯನೆಂದರೆ, ಪಾದರಕ್ಷೆಗೆ ಹೊಳಪು ಕೊಡಿಸಿಕೊಳ್ಳುತ್ತ ನಿಂತಿದ್ದವನೊಬ್ಬನೇ.

‘ಸ್ನ್ಯಾಪ್‌ಶಾಟ್’ ಎಂಬುದರ ಕಥೆ ಬೇರೆ. ಸಾವಧಾನವಾಗಿ ಗುರಿಯಿಡದೆ, ಹಕ್ಕಿ ಮೇಲೆದ್ದೊಡನೆ ಥಟ್ಟನೆ ಹಾರಿಸುವ ಗುಂಡಿಗೆ ಇಂಗ್ಲಿಷ್ ಬೇಟೆಗಾರರು ಇಟ್ಟ ಹೆಸರದು. 1860ರಲ್ಲಿ, ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಚಿತ್ರ ಪಡೆಯುವ ಕನಸನ್ನು ಬಣ್ಣಿಸುತ್ತ ಹರ್ಷಲನೇ ಈ ಮಾತನ್ನು ಎರವಲು ತಂದನು. ಯುದ್ಧವನ್ನೂ ಸಭೆಯ ಚರ್ಚೆಯನ್ನೂ ಮುಂದಿನ ತಲೆಮಾರಿಗೆ ಜೀವಂತವಾಗಿ ದಾಟಿಸಬೇಕೆಂಬುದು ಅವನ ಹಂಬಲವಾಗಿತ್ತು. ಹಂಬಲ ನಿರ್ಮಲವಾದುದೇ, ಆದರೆ ಮಾತು ಬಂದೂಕಿನದು.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ 100 ಚಿತ್ರಗಳ ಸುರುಳಿಯುಳ್ಳ ಕೊಡಕ್ ಕ್ಯಾಮರಾವನ್ನು 25 ಡಾಲರಿಗೆ ಮಾರಾಟಕ್ಕಿಟ್ಟನು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರ್. ಕಾಯುವ ವಿದ್ಯೆ ಹೀಗೆ ಹಾರಿಸುವ ವಿದ್ಯೆಯಾಯಿತು. ಬೇಟೆಯಿದ್ದಲ್ಲಿ ಬೇಟೆಗೆ ಸಿಕ್ಕವರೂ ಇರಬೇಕಷ್ಟೆ. 1890ರಲ್ಲಿಯೇ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಬಾಸ್ಟನ್ನಿನ ವಕೀಲರು, ಕ್ಷಣಚಿತ್ರಗಳೂ ಪತ್ರಿಕೆಗಳೂ ಮನೆಯೊಳಗಿನ ಬದುಕಿಗೆ ನುಗ್ಗುತ್ತಿವೆಯೆಂದು ಬರೆದು, ಖಾಸಗಿತನದ ಹಕ್ಕನ್ನು ಮಂಡಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ನಮ್ಮ ಕನ್ನಡವೂ ಈ ಎರಡು ಭಾವಗಳನ್ನು ಬೇರೊಂದು ಬಗೆಯಲ್ಲಿ ಉಳಿಸಿಕೊಂಡಿದೆ. ‘ಛಾಯಾಚಿತ್ರ’ವೆನ್ನುವಾಗ ನಾವು ಬೆಳಕಿನ ಬದಲು ನೆರಳನ್ನು ನೆನೆಯುತ್ತೇವೆ, ಅದರಲ್ಲಿ ಯಾರಿಗೂ ನೋವಿಲ್ಲ. ‘ಕ್ಯಾಮರಾದಲ್ಲಿ ಸೆರೆಹಿಡಿದರು’ ಎನ್ನುವಾಗ ಮಾತ್ರ, ಅರಿಯದೆಯೇ, ಬೇಟೆಗಾರನ ಪಕ್ಕದಲ್ಲಿ ನಿಲ್ಲುತ್ತೇವೆ. ಇಂದು ಪ್ರತಿಯೊಬ್ಬರ ಕಿಸೆಯಲ್ಲೂ ಕ್ಯಾಮರಾ ಇದೆ. ಕ್ಷಣವನ್ನು ಸೆರೆಹಿಡಿಯುವ ಮುನ್ನ, ಎದುರಿಗಿರುವವರು ನಮ್ಮ ಬೆಳಕಿಗೆ ಒಪ್ಪಿ ನಿಂತಿದ್ದಾರೆಯೇ, ನಮ್ಮ ಗುರಿಗೆ ಸಿಕ್ಕಿದ್ದಾರೆಯೇ ಎಂದು ಕೇಳಿಕೊಂಡರೆ, ಹರ್ಷಲನ ಎರಡು ಮಾತುಗಳ ಅಂತರ ನಮಗೆ ತಿಳಿದಂತೆ.