ಹೇರು, ಬಂಡಿ, ಲಾರಿ

ಹಾನಗಲ್ಲಿನ ಪೇಟೆಯಲ್ಲಿ ಸರಕು ತುಂಬುವವರ ಮಾತನ್ನು ಒಮ್ಮೆ ಆಲಿಸಿರಿ. “ಹೇರ್ರಿ, ಇನ್ನೂ ಜಾಗ ಐತಿ” ಎಂಬ ಕೂಗು ಕಿವಿಗೆ ಬೀಳದಿರದು. ಹೇರು ಎಂಬ ಈ ಶಬ್ದ ಬಹು ಹಳೆಯದು. ಹಳಗನ್ನಡದಲ್ಲಿ ಅದು ಪೇಱು. ಎತ್ತಿನ ಬೆನ್ನಿನ ಎರಡೂ ಪಕ್ಕಕ್ಕೆ ಸಮತೂಕವಾಗಿ ಇಳಿಬಿಡುವ ಭಾರಕ್ಕೆ ಆ ಹೆಸರು. ಹಾನಗಲ್ಲು ಪಾನುಂಗಲ್ಲೆನಿಸಿ ಕದಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ಐಹೊಳೆಯ ಐನೂರ್ವರಂಥ ವರ್ತಕರ ಸರಕು ಎತ್ತು, ಕೋಣ, ಕತ್ತೆಗಳ ಮೇಲೆ ಸಾಗುತ್ತಿತ್ತು. ಆ ಕಾಲದ ಶಾಸನಗಳು ಸುಂಕವನ್ನು ಹೇಳುವಾಗ ಹೊರೆಗೆ ಇಷ್ಟು, ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎನ್ನುತ್ತವೆ. ಸರಕನ್ನು ಅಳೆದದ್ದು ಹೊರುವ ಜೀವದ ಶಕ್ತಿಯಿಂದ. ಮಿತಿ ಮೀರಿದರೆ ಎತ್ತು ಮೇಲೇಳುತ್ತಲೇ ಇರಲಿಲ್ಲ. ಬೇರೆ ಕಾಯಿದೆ ಬೇಕಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಯಿತು. ಬೆಳೆದದ್ದು ನಮ್ಮ ಎರೆಹೊಲದಲ್ಲಿ. ಪರದೇಶದ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಮಾತ್ರ ‘ಕುಮಟಾ’! ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ, ಎಂದರೆ ೧೮೬೧ರಿಂದ ೧೮೬೫ರವರೆಗೆ, ಇದರ ಬೆಲೆ ಗಗನಕ್ಕೇರಿತು. ಅರಳೆಯ ಗುಣ ನಿಮಗೆ ಗೊತ್ತೇ ಇದೆ: ಬಂಡಿ ತುಂಬಿ ತುಳುಕಿದರೂ ತೂಕ ಅಷ್ಟಕ್ಕಷ್ಟೆ. ಆದುದರಿಂದಲೇ ಅದನ್ನು ಒತ್ತಿ ಬಿಗಿದು ಅಂಡಿಗೆ ಕಟ್ಟುವ ಯಂತ್ರಗಳು ಬಂದವು. ಆಗಿನ ಅಂಡಿಗೆ ೩೯೨ ಪೌಂಡು, ಎರಡು ಕೂಡಿದರೆ ಒಂದು ಖಂಡಿ; ಈಗಿನದು ೧೭೦ ಕಿಲೊಗ್ರಾಂ.

೧೮೮೦ರ ದಶಕದಲ್ಲಿ ಬಂದ ರೈಲು ಸವಣೂರಿನ ಸೀಮೆಯನ್ನು ಮುಟ್ಟಿ ಹಾವೇರಿಯತ್ತ ಸಾಗಿತು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಪಕ್ಕಕ್ಕೆ ಉಳಿದವು. ಅವುಗಳ ಪಾಲಿಗೆ ಮೊದಲು ಬಂಡಿ, ಅನಂತರ ಲಾರಿ.

ಲಾರಿ ಎಂದೊಡನೆ ಲೆಕ್ಕ ಬೇರೆಯಾಯಿತು. ೧೪ ಫೂಟು ಉದ್ದ, ೬ ಫೂಟು ಅಗಲ, ೬ ಫೂಟು ಎತ್ತರದ ಪೆಟ್ಟಿಗೆಯುಳ್ಳ ಗಾಡಿಯನ್ನು ತೆಗೆದುಕೊಳ್ಳಿರಿ. ಗುಣಿಸಿದರೆ ೫೦೪ ಘನ ಫೂಟು, ಸುಮಾರು ೧೪ ಘನ ಮೀಟರು. ನೀರು ತುಂಬಿದರೆ ೧೪ ಟನ್ನು. ಹಿರೇಕೆರೂರಿನ ಗೋವಿನಜೋಳ ತುಂಬಿದರೆ ಹತ್ತು ಟನ್ನಿನ ಆಸುಪಾಸು. ಆದರೆ ಅಂಥ ಗಾಡಿ ಹೊರಬಲ್ಲದ್ದು ಸುಮಾರು ೪ ಟನ್ನು! ಗೋವಿನಜೋಳದ ಚೀಲಗಳು ಪೆಟ್ಟಿಗೆಯ ಅರ್ಧ ಮುಟ್ಟುವ ಮೊದಲೇ ಕೈ ತಡೆಯಬೇಕು. ಅದೇ ಗಾಡಿಗೆ ಒಣಮೆಣಸಿನಕಾಯಿ ಹಾಕಿದರೆ ತೂಕ ಮುಗಿಯುವ ಮೊದಲೇ ಜಾಗ ಮುಗಿದಿರುತ್ತದೆ. ಹಗುರ ಸರಕಿನವನು ಜಾಗಕ್ಕೆ ಬಾಡಿಗೆ ತೆರುತ್ತಾನೆ, ಭಾರದ ಸರಕಿನವನು ತೂಕಕ್ಕೆ. ಖಾಲಿ ಜಾಗ ಕಂಡು “ಇನ್ನೂ ಹೇರ್ರಿ” ಎನ್ನುವವನಿಗೆ ಕಾಣದಿರುವುದು ಕೆಳಗಿನ ಅಚ್ಚು. ಎತ್ತಿನಂತೆ ಅದು ಮಲಗಿ ಪ್ರತಿಭಟಿಸುವುದಿಲ್ಲ.

ಆ ಕೆಲಸವನ್ನು ಕಾಯಿದೆ ವಹಿಸಿಕೊಂಡಿತು. ೧೯೩೯ರ ಮೋಟಾರು ವಾಹನ ಕಾಯಿದೆಯ ಸ್ಥಾನಕ್ಕೆ ೧೯೮೮ರದು ಬಂದಿತು. ಈಗ ಗಾಡಿಯ ಅಗಲ ೨.೬ ಮೀಟರು ಮೀರಕೂಡದು. ಎರಡು ಅಚ್ಚಿನ ಆರು ಗಾಲಿಯ ಲಾರಿಗೆ, ಗಾಡಿಯ ಸ್ವಂತ ಭಾರವೂ ಸೇರಿ ೧೬.೨ ಟನ್ನಿದ್ದ ಗರಿಷ್ಠ ಮಿತಿಯನ್ನು ೨೦೧೮ರಲ್ಲಿ ೧೮.೫ಕ್ಕೆ ಏರಿಸಿದರು. ಇದು ರಸ್ತೆ ತಾಳುವ ಲೆಕ್ಕ. ಚಿಕ್ಕ ಗಾಡಿಯ ಮಿತಿ ಅದರ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ, ಓದಿ ನೋಡಿರಿ.

ಈ ಯಾವ ಲೆಕ್ಕದಲ್ಲಿಯೂ ಸರಕಿನ ಮೇಲೆ ಕುಳಿತ ಮನುಷ್ಯನಿಗೆ ಸ್ಥಾನವಿಲ್ಲ. ಆದರೆ ಸಂತೆಯ ವ್ಯಾಪಾರಿ ತನ್ನ ಬುಟ್ಟಿಯನ್ನು ಬಿಟ್ಟು ಹೋಗುವುದೆಲ್ಲಿಗೆ? ಬಸ್ಸಿನಲ್ಲಿ ಅಷ್ಟು ಸರಕು ಹಿಡಿಯದು. ಲಾರಿಯಲ್ಲಿ ಸರಕಿನ ಮೇಲೆ ಆತ ಕೂಡುವಂತಿಲ್ಲ. ಹತ್ತಿಯ ಹೇರುಗಳು ಇಳಿದ ಅದೇ ಕುಮಟೆಯ ಸಂತೆಗೆಂದು ೨೦೨೫ರ ಜನವರಿ ೨೨ರ ನಸುಕಿನಲ್ಲಿ ಸವಣೂರಿನ ಹಣ್ಣು ತರಕಾರಿಯ ವ್ಯಾಪಾರಿಗಳು ಸರಕಿನ ಜೊತೆಗೇ ಲಾರಿಯಲ್ಲಿ ಹೊರಟಿದ್ದರು. ಯಲ್ಲಾಪುರದ ಬಳಿ ಲಾರಿ ಕಣಿವೆಗೆ ಉರುಳಿತು. ಹತ್ತು ಮಂದಿ ಸವಣೂರಿಗೆ ಜೀವಂತ ಮರಳಲಿಲ್ಲ.