ತಾಯ್ತಂದೆಗಳ ಇಬ್ಬಗೆಯ ಶಾಸನ: ಪ್ರಶ್ಯದ ಯುವರಾಜ ಫ್ರೆಡರಿಕ್‌ನ ಬಾಲ್ಯ

ಪ್ರಶ್ಯದ ಎರಡನೆಯ ಫ್ರೆಡರಿಕ್ (1712–1786) ತಾರುಣ್ಯದಲ್ಲಿ ತಂದೆಯ ಕಣ್ತಪ್ಪಿಸಿ ಪಲಾಯನಕ್ಕೆ ಯತ್ನಿಸಿದ ಸಂಗತಿ ಯೂರೋಪಿನ ಇತಿಹಾಸವನ್ನು ಓದಿದವರಿಗೆ ಪರಿಚಿತವಾದುದೇ. ಇದರ ಹೊಣೆಯನ್ನೆಲ್ಲ ತಂದೆಯಾದ ಒಂದನೆಯ ಫ್ರೆಡರಿಕ್ ವಿಲಿಯಮನ ಕ್ರೌರ್ಯದ ಮೇಲೆ ಹೊರಿಸುವುದು ವಾಡಿಕೆ. ಈ ನಿರ್ಣಯ ಅಸತ್ಯವಲ್ಲ, ಆದರೆ ಅಸಮಗ್ರವಾದುದು. ಮಗನ ನಡತೆಯನ್ನು ರೂಪಿಸಿದುದು ತಂದೆಯೊಬ್ಬನ ಕಾಠಿಣ್ಯವಲ್ಲ. ಆ ಕಾಠಿಣ್ಯವೂ ತಾಯಿಯ ಗುಪ್ತ ಪ್ರೋತ್ಸಾಹವೂ ಒಂದೇ ಮನೆಯಲ್ಲಿ ಪರಸ್ಪರ ಇದಿರಾಗಿ ನಿಂತ ರೀತಿ. ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1713ರಲ್ಲಿ ಪಟ್ಟಕ್ಕೆ ಬಂದ ಫ್ರೆಡರಿಕ್ ವಿಲಿಯಮನನ್ನು ಇತಿಹಾಸವು ‘ಸೈನಿಕ ರಾಜ’ನೆಂದು ಕರೆದಿದೆ. ಮಗನು ತನ್ನಂತೆಯೇ ದೈವಭಕ್ತನೂ ಮಿತವ್ಯಯಿಯೂ ಯೋಧನೂ ಆಗಬೇಕೆಂಬುದು ಅವನ ಹಂಬಲ. ಬಾಲಕನು ಏಳುವ, ಪ್ರಾರ್ಥಿಸುವ, ಓದುವ ಹೊತ್ತುಗಳನ್ನೂ ರಾಜನೇ ಗೊತ್ತುಮಾಡಿದ್ದನು. ಲ್ಯಾಟಿನ್ ಭಾಷೆ ನಿಷಿದ್ಧವಾಗಿತ್ತು. ಕೊಳಲು, ಫ್ರೆಂಚ್ ಕಾವ್ಯ, ನೀಳಕೇಶ ಇವೆಲ್ಲ ಅವನ ದೃಷ್ಟಿಯಲ್ಲಿ ಹೆಣ್ಣಿಗತನದ ಲಕ್ಷಣಗಳು. ಬೆಳೆದ ಮಗನನ್ನು ಪರರ ಸಮ್ಮುಖದಲ್ಲಿಯೇ ಹೊಡೆದು ಹೀನೈಸಲು ಅವನು ಹಿಂಜರಿಯಲಿಲ್ಲ.

ತಾಯಿ ಸೋಫಿಯಾ ಡೊರೊಥಿಯಾ ಹ್ಯಾನೋವರ್ ಮನೆತನದವಳು. ಇಂಗ್ಲೆಂಡಿನ ಒಂದನೆಯ ಜಾರ್ಜನ ಮಗಳು. ಪತಿಯು ನಿಷೇಧಿಸಿದ ಸಂಗೀತ, ಸಾಹಿತ್ಯಗಳಿಗೆ ಅವಳ ಬಳಿ ಆಶ್ರಯವಿತ್ತು. ಡ್ರೆಸ್ಡೆನ್ನಿನ ಕೊಳಲುವಾದಕ ಕ್ವಾಂಟ್ಸ್ ಯುವರಾಜನಿಗೆ ಗುಟ್ಟಾಗಿ ಪಾಠ ಹೇಳಿದುದು ಅವಳ ಬೆಂಬಲದಿಂದ. ಆದರೆ ಅವಳ ವಾತ್ಸಲ್ಯವೂ ನಿರಪೇಕ್ಷವಾದುದಲ್ಲ. ಮಗನಿಗೆ ಇಂಗ್ಲೆಂಡಿನ ರಾಜಕುಮಾರಿ ಅಮೇಲಿಯಾಳನ್ನು ತರಬೇಕು, ಮಗಳು ವಿಲ್ಹೆಲ್ಮಿನಾಳನ್ನು ಅಲ್ಲಿಯ ಯುವರಾಜನಿಗೆ ಕೊಡಬೇಕು ಎಂಬ ಸಂಕಲ್ಪಕ್ಕೆ ಮಕ್ಕಳನ್ನೇ ಸಾಧನವಾಗಿ ಮಾಡಿಕೊಂಡಳು. ಅವಳ ಪ್ರೇರಣೆಯಿಂದ ಯುವರಾಜನು ತಂದೆಗೆ ತಿಳಿಯದಂತೆ ಇಂಗ್ಲೆಂಡಿನ ರಾಣಿಗೆ ಪತ್ರ ಬರೆದನು. ಮಗಳು ಕಡೆಗೆ ತಂದೆಯ ಇಚ್ಛೆಗೆ ಮಣಿದಾಗ ತಾಯಿ ಅವಳ ಮೇಲೆ ಮುನಿದಳು.

ಇಂಥ ಮನೆಯಲ್ಲಿ ಒಬ್ಬರಿಗೆ ವಿಧೇಯನಾಗುವುದೆಂದರೆ ಇನ್ನೊಬ್ಬರಿಗೆ ದ್ರೋಹಿಯಾಗುವುದು. ಬಾಲಕನು ಕಲಿತುದು ವಿಧೇಯತೆಯನ್ನೂ ಅಲ್ಲ, ಸ್ವಾತಂತ್ರ್ಯವನ್ನೂ ಅಲ್ಲ, ಮರೆಮಾಚುವಿಕೆಯನ್ನು. ಹೊರಗೆ ಸೈನಿಕ ವೇಷ, ಒಳಗೆ ಬಚ್ಚಿಟ್ಟ ಪುಸ್ತಕಭಂಡಾರ, ಅದಕ್ಕಾಗಿ ಮಾಡಿದ ಸಾಲ. ಮಗನ ಕಪಟವನ್ನು ಕಂಡು ತಂದೆಯ ಕೋಪ ಹೆಚ್ಚಿತು. ಕೋಪ ಹೆಚ್ಚಿದಷ್ಟೂ ಮಗನು ತಾಯಿಯ ಕಡೆಗೆ ಸರಿದನು. ಹಾಗೆ ಸರಿದುದೇ ತಂದೆಗೆ ಸಂಚಾಗಿ ತೋರಿತು. ಒಂದು ಶಾಸನವು ಮತ್ತೊಂದನ್ನು ತಿದ್ದಲಿಲ್ಲ, ಕೆರಳಿಸಿತು.

1730ರ ಆಗಸ್ಟಿನಲ್ಲಿ, ತಂದೆಯೊಡನೆ ದಕ್ಷಿಣ ಜರ್ಮನಿಯಲ್ಲಿ ಪ್ರವಾಸದಲ್ಲಿದ್ದ ಯುವರಾಜನು ಸ್ಟೈನ್ಸ್‌ಫರ್ಟ್ ಎಂಬ ಹಳ್ಳಿಯಿಂದ ಓಡಿಹೋಗಲೆತ್ನಿಸಿ ಸಿಕ್ಕಿಬಿದ್ದನು. ಸಹಾಯಕನಾಗಿದ್ದ ಮಿತ್ರ ಕಾಟೆಗೆ ಸೈನಿಕ ನ್ಯಾಯಸ್ಥಾನವು ವಿಧಿಸಿದುದು ಆಜೀವ ಸೆರೆವಾಸ. ರಾಜನು ಅದನ್ನು ಮರಣದಂಡನೆಯಾಗಿ ಮಾರ್ಪಡಿಸಿದನು. ನವೆಂಬರ್ 6ರಂದು ಕ್ಯೂಸ್ಟ್ರಿನ್ ಕೋಟೆಯಲ್ಲಿ ಶಿರಚ್ಛೇದವಾಯಿತು. ಸೆರೆಯ ಕಿಟಕಿಯಿಂದ ಅದನ್ನು ನೋಡುವಂತೆ ಯುವರಾಜನನ್ನು ಬಲಾತ್ಕರಿಸಲಾಯಿತು, ಅವನು ಮೂರ್ಛೆಹೋದನು. ತಾಯ್ತಂದೆಗಳ ಕಲಹದ ಬೆಲೆಯನ್ನು ತೆತ್ತವನು ಮೂರನೆಯವನೊಬ್ಬ.

ಮುಂದಿನ ಘಟನೆಗಳೂ ವಿಚಾರಾರ್ಹ. ಕ್ಯೂಸ್ಟ್ರಿನ್ನಿನ ಆಡಳಿತ ಕಚೇರಿಯಲ್ಲಿ ಯುವರಾಜನಿಗೆ ನಿಯತವಾದ ಕೆಲಸ ದೊರೆಯಿತು. ಇಂಗ್ಲಿಷ್ ವಿವಾಹದ ಯೋಜನೆ ಮುರಿದುಬಿತ್ತು. 1732ರಲ್ಲಿ ಒಂದು ದಳದ ನಾಯಕತ್ವ ಬಂದಿತು. ತಂದೆಮಕ್ಕಳ ಸಂಬಂಧ ಕ್ರಮೇಣ ಸುಧಾರಿಸಿತು. ತಂದೆಯ ಸ್ವಭಾವ ಬದಲಾಗಲಿಲ್ಲ. ಬದಲಾದುದು ಮಗನು ನಿಂತ ನೆಲೆ. ಅವನು ಈಗ ಇಬ್ಬರ ನಡುವಣ ಪಣವಾಗಿರಲಿಲ್ಲ. ದಂಡನೆಯ ಭಯವೇ ಅವನನ್ನು ಬಗ್ಗಿಸಿತೆಂದು ವಾದಿಸಬಹುದು. ಆದರೆ ಭಯವು 1730ಕ್ಕೆ ಮೊದಲೂ ಧಾರಾಳವಾಗಿಯೇ ಇತ್ತು. ಅದರಿಂದ ಬೆಳೆದುದು ಕಪಟವೊಂದೇ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಈ ಮನೆಯ ಒಳಗಿನ ವಿವರಗಳಲ್ಲಿ ಹಲವು ವಿಲ್ಹೆಲ್ಮಿನಾಳ ಸ್ಮೃತಿಗ್ರಂಥದಿಂದ ಬಂದವು. ಆಕೆಯ ಲೇಖನಿ ಅತಿಶಯೋಕ್ತಿಗೆ ಎಳಸುವುದು. ಎರಡನೆಯದಾಗಿ, ಒಂದು ರಾಜಕುಟುಂಬದ ಕಥೆ ಸಾರ್ವತ್ರಿಕ ನಿಯಮವನ್ನು ಸ್ಥಾಪಿಸಲಾರದು. ಆದರೂ, 1966ರಲ್ಲಿ ಡಯಾನಾ ಬೌಮ್ರಿಂಡ್ ಎಂಬ ಮನೋವಿಜ್ಞಾನಿ ಪಾಲಕರ ರೀತಿಗಳನ್ನು ನಿರಂಕುಶ, ಸಡಿಲ, ಸಕಾರಣ ಎಂದು ವಿಂಗಡಿಸಿದ ಮೇಲೆ, ಒಂದೇ ಮನೆಯಲ್ಲಿ ಎರಡು ರೀತಿಗಳು ಕೂಡಿದರೆ ಏನಾಗುವುದೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಂದೆಯ ಬಿಗಿಯನ್ನು ತಾಯಿಯ ಸಡಿಲಿಕೆ ಸರಿತೂಗಿಸುವುದೆಂಬ ಲೋಕರೂಢಿಯ ನಂಬಿಕೆಗೆ ಪ್ರಶ್ಯದ ಅರಮನೆ ಪ್ರತಿಕೂಲ ಸಾಕ್ಷ್ಯವನ್ನು ನುಡಿಯುತ್ತದೆ.

1757ರಲ್ಲಿ, ಸೈನ್ಯದ ಹಿಮ್ಮೆಟ್ಟುವಿಕೆಯಲ್ಲಿ ವಿಫಲನಾದ ತಮ್ಮ ಆಗಸ್ಟ್ ವಿಲಿಯಮನನ್ನು ಫ್ರೆಡರಿಕ್ ಕಟುವಾಗಿ ಅವಮಾನಿಸಿ ಸೇನೆಯಿಂದ ದೂರಮಾಡಿದನು. ಆ ತಮ್ಮನು ಮರುವರ್ಷವೇ ಮೃತನಾದನು. ತಂದೆಯಿಂದ ಪಲಾಯನಕ್ಕೆ ಯತ್ನಿಸಿದವನು ತಂದೆಯ ರೀತಿಯಿಂದ ಪಾರಾಗಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬೋಧಿಸುವವರು ಅವರ ಯುದ್ಧಗಳೊಡನೆ ಅವರು ಬೆಳೆದ ಮನೆಯನ್ನೂ, ಆ ಮನೆಯ ಇಬ್ಬರು ಯಜಮಾನರನ್ನೂ ಜೊತೆಯಾಗಿ ಪರಿಶೀಲಿಸುವುದು ಯುಕ್ತ.