ಸಂಗಮ ಬಿಟ್ಟು ಬಂದ ಸಂಗಮೇಶ್ವರ

ಚಾಲುಕ್ಯರು ಎಂದರೆ ಸಾಕು, ನಮ್ಮ ಮಕ್ಕಳು ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಂದು ಪಟಪಟನೆ ಹೇಳಿಬಿಡುತ್ತಾರೆ. ಆದರೆ ಕೃಷ್ಣಾ, ಮಕ್ತಲ್ ಕಡೆಯ ಕನ್ನಡ ಶಾಲೆಗಳ ಈ ಮಕ್ಕಳಿಗೆ ಆ ಮೂರೂ ದೂರದ ಊರುಗಳು. ಮಗ್ಗುಲಲ್ಲೇ ಗದ್ವಾಲದ ಆಚೆ ಅದೇ ಚಾಲುಕ್ಯರ ಆಲಂಪುರ ಇದೆ. ಅದನ್ನು ಕೇಳಿದರೆ "ಜೋಗುಳಾಂಬ ಜಾತ್ರೆ ಊರಲ್ಲವೇ ಸಾರ್?" ಎನ್ನುತ್ತಾರೆ. ಜೋಗುಳಾಂಬೆಯ ಊರು ಹೌದು. ಆದರೆ ಅಷ್ಟೇ ಅಲ್ಲ!

ಮೊದಲು ಗಡಿಯ ಮಾತು ಮುಗಿಸಿಬಿಡೋಣ. 1956ರ ನವೆಂಬರ್ 1ರವರೆಗೆ ಆಲಂಪುರ, ಗದ್ವಾಲ ತಾಲೂಕುಗಳೆರಡೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಅಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಅಲ್ಲಿಯ ಜನರ ಮಾತು ತೆಲುಗು, ಹಂಚಿಕೆ ತಪ್ಪೆಂದು ನಾವು ಹೇಳುತ್ತಿಲ್ಲ. ತಾಲೂಕಿನ ಹಿಂದೆಯೇ ಅದರ ಚರಿತ್ರೆಯೂ ನಮ್ಮ ಪಾಠದಿಂದ ಎದ್ದು ಹೋಯಿತಲ್ಲ ಎಂಬುದೇ ಬೇಸರ.

ನಾವು ನಾಲ್ಕಾರು ಜನ ಶಿಕ್ಷಕರು ಒಂದು ರಜಾದಿನ ಜುರಾಲಾ ಅಣೆಕಟ್ಟಿನ ಹಾದಿಯಿಂದ ಗದ್ವಾಲಕ್ಕೆ, ಅಲ್ಲಿಂದ ಬಸ್ಸು ಹಿಡಿದು ಆಲಂಪುರಕ್ಕೆ ಹೋದೆವು. ಊರಲ್ಲಿ ಇಳಿದ ಮೇಲೆ ಎಲ್ಲವೂ ಕಾಲ್ನಡಿಗೆ. ತುಂಗಭದ್ರೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಅವಳ ದಂಡೆಯಲ್ಲಿ ಒಂಬತ್ತು ಗುಡಿಗಳು: ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ. ಎಲ್ಲದಕ್ಕೂ ಬ್ರಹ್ಮನ ಹೆಸರು, ಆದರೆ ಎಲ್ಲವೂ ಶಿವನ ಗುಡಿಗಳೇ! ತಾರಕಬ್ರಹ್ಮವೊಂದನ್ನು ಬಿಟ್ಟರೆ ಉಳಿದ ಶಿಖರಗಳೆಲ್ಲ ಉತ್ತರದ ನಾಗರ ಶೈಲಿಯವು, ನೆತ್ತಿಯ ಮೇಲೆ ನೆಲ್ಲಿಕಾಯಿಯಂತೆ ಸೀಳು ಸೀಳಾದ ಆಮಲಕ. ಪಟ್ಟದಕಲ್ಲಿನ ಪಾಪನಾಥ ಗುಡಿಯನ್ನು ಕಂಡವರಿಗೆ ಕೂಡಲೇ ಗುರುತು ಹತ್ತುತ್ತದೆ.

ಸ್ವರ್ಗಬ್ರಹ್ಮ ಗುಡಿಯ ಬರಹ ವಿನಯಾದಿತ್ಯನ (681-696) ಕಾಲದ್ದು. ಅದರಲ್ಲಿ ಲೋಕಾದಿತ್ಯ ಎಳ ಅರಸ ಎಂಬ ಹೆಸರಿದೆ. ಎಳ ಅರಸ! ಈ ಹೆಸರು ನಮ್ಮ ಕಿವಿಗೆ ಕನ್ನಡವಾಗಿಯೇ ಬೀಳುತ್ತದೆ. ಅವನ ನಂತರ ಬಂದ ವಿಜಯಾದಿತ್ಯನ ಕಾಲದ ಶಾಸನವೊಂದು, ಕ್ರಿ.ಶ. 713ರ ಹೊತ್ತಿನದು, ರಾಜನ ಆಣತಿಯಂತೆ ಈಶಾನಾಚಾರ್ಯ ಎಂಬ ಯತಿ ಇಲ್ಲಿ ಪ್ರಾಕಾರ ಕಟ್ಟಿಸಿದ್ದನ್ನು ಹೇಳುತ್ತದೆ. ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಇದು ಕಾಳಾಮುಖ ಯತಿಗಳ ದೊಡ್ಡ ಮಠಸ್ಥಾನ. ಆ ಕಾಲದ ಕನ್ನಡ ಶಾಸನಗಳೂ ಇಲ್ಲಿವೆ. ಈ ಊರಿನ ಚರಿತ್ರೆಗಾಗಿ ಬದುಕು ಸವೆಸಿದವರು ತೆಲುಗಿನ ವಿದ್ವಾಂಸ ಗಡಿಯಾರಂ ರಾಮಕೃಷ್ಣ ಶರ್ಮ. ಕನ್ನಡಿಗರು ಅವರಿಗೆ ಕೈ ಮುಗಿಯಬೇಕು.

ಇಲ್ಲಿಂದ ಊರಾಚೆ ನಡೆದರೆ ಸಿಗುವುದೇ ಸಂಗಮೇಶ್ವರ. ಎತ್ತರದ ಜಗತಿ, ಸುತ್ತ ಪ್ರಾಕಾರ, ಹೊರಗೋಡೆಯ ತುಂಬ ಶಿಲ್ಪ. ನೋಡಿದವರಿಗೆ ಹುಟ್ಟಿದಾಗಿನಿಂದ ಇಲ್ಲೇ ಇದ್ದಂತೆ ಕಾಣುತ್ತದೆ. ಆದರೆ ಹೆಸರು ಸಂಗಮೇಶ್ವರ, ಸಂಗಮ ಎಲ್ಲಿ?

ಸಂಗಮ ಕೂಡವೆಲ್ಲಿಯಲ್ಲಿ, ತುಂಗಭದ್ರೆ ಕೃಷ್ಣೆಗೆ ಸೇರುವ ಜಾಗದಲ್ಲಿ. ಆ ಸ್ಥಳಕ್ಕೆ ಕೂಡಲಿ ಎಂದೂ ಹೆಸರು. ಓದುಗ ಮಿತ್ರರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತುಂಗೆ, ಭದ್ರೆ ಎರಡೂ ಸೇರಿ ತುಂಗಭದ್ರೆ ಆಗುವುದು ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ. ಅವಳು ತನ್ನ ಹೆಸರು ಬಿಟ್ಟು ಕೃಷ್ಣೆಯಾಗುವುದೂ ಒಂದು ಕೂಡಲಿಯಲ್ಲೇ. ಹೊಳೆಯ ಹುಟ್ಟಿಗೂ ಕೊನೆಗೂ ಒಂದೇ ಹೆಸರು!

ಆ ಕೂಡಲಿಗೆ ಶ್ರೀಶೈಲ ಅಣೆಕಟ್ಟಿನ ಹಿನ್ನೀರು ಬಂತು. ಅರವತ್ತರ ದಶಕದಲ್ಲಿ ಶುರುವಾದ ಅಣೆಕಟ್ಟಿನಲ್ಲಿ ಎಂಬತ್ತರ ದಶಕದ ಹೊತ್ತಿಗೆ ನೀರು ನಿಂತಿತು, ಎರಡೂ ದಂಡೆ ಸೇರಿ ನೂರಕ್ಕೂ ಹೆಚ್ಚು ಹಳ್ಳಿ ಮುಳುಗಿದವು. ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಪಾಪನಾಶಿಯ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಗುಡಿಗಳನ್ನೂ ಹೀಗೆಯೇ ಎತ್ತರಕ್ಕೆ ತಂದರು. ಈಜಿಪ್ಟಿನಲ್ಲಿ ಅಬು ಸಿಂಬೆಲ್ ಗುಡಿಗಳನ್ನು 1968ರ ಹೊತ್ತಿಗೆ ಎತ್ತಿ ಕೂಡಿಸಿದ್ದನ್ನು ಜಗತ್ತೇ ಬಲ್ಲದು. ನಮ್ಮ ಸಂಗಮೇಶ್ವರನ ಪ್ರಯಾಣ ಪಕ್ಕದ ಜಿಲ್ಲೆಯವರಿಗೇ ಗೊತ್ತಿಲ್ಲ.

ಬಸವಣ್ಣನವರ ಕೂಡಲಸಂಗಮದಲ್ಲಿ ಬೇರೆ ದಾರಿ ಹಿಡಿದರು. ನಾರಾಯಣಪುರ ಅಣೆಕಟ್ಟಿನ ನೀರು ಬಂದಾಗ ಐಕ್ಯಮಂಟಪವನ್ನು ಎತ್ತಲಿಲ್ಲ. ಸುತ್ತ ಬಾವಿಯಂಥ ಗೋಡೆ ಕಟ್ಟಿ ಇದ್ದಲ್ಲೇ ಉಳಿಸಿದರು. ಅಲ್ಲಿ ಜಾಗ ಉಳಿಯಿತು, ಇಲ್ಲಿ ಕಲ್ಲು ಉಳಿಯಿತು. ಯಾವುದು ಸರಿ ಎಂದು ನಾವು ಪಾಪನಾಶಿಯವರೆಗೂ ಜಗಳವಾಡುತ್ತ ನಡೆದೆವು! ಕಲ್ಲನ್ನು ಕಾಪಾಡಿದ್ದು ದೊಡ್ಡ ಕೆಲಸವೇ. ಆದರೆ ಕೂಡಲಿಯ ಕಥೆ ಹೇಳದೆ ಈ ಗುಡಿಯನ್ನು ತೋರಿಸಿದರೆ ಅರ್ಧವನ್ನೇ ತೋರಿಸಿದಂತೆ ಎಂಬುದು ನಮ್ಮ ಎಣಿಕೆ. ಮುಳುಗಿದ ಹಳ್ಳಿಗಳ ಜನರನ್ನಂತೂ ಯಾರೂ ಕಲ್ಲಿನಂತೆ ಜೋಪಾನವಾಗಿ ಜೋಡಿಸಲಿಲ್ಲ.

ಹೊಳೆಯೂ ಸುಮ್ಮನಿಲ್ಲ. 2009ರ ಅಕ್ಟೋಬರ್ ಪ್ರವಾಹದಲ್ಲಿ ಕರ್ನೂಲಿನ ಜೊತೆ ಆಲಂಪುರಕ್ಕೂ ನೀರು ನುಗ್ಗಿತ್ತು.

ಮಕ್ಕಳನ್ನು ಕರೆದೊಯ್ಯುವ ಶಿಕ್ಷಕ ಬಂಧುಗಳಿಗೆ ಒಂದು ಮಾತು. ಬೆಳಿಗ್ಗೆ ಬೇಗ ಹೊರಡಿ, ಹತ್ತರ ಮೇಲೆ ಬಂಡೆ ಕಾದು ಬರಿಗಾಲು ಇಡಲಾಗದು. 2005ರಲ್ಲಿ ಹೊಸದಾಗಿ ಕಟ್ಟಿದ ಜೋಗುಳಾಂಬ ಗುಡಿಯಲ್ಲಿ ಎಲ್ಲರೂ ನಿಲ್ಲುತ್ತಾರೆ, ನೀವು ಸಂಗಮೇಶ್ವರ, ಪಾಪನಾಶಿಗಳಿಗೂ ನಡೆಯಿರಿ. ಬುತ್ತಿ, ನೀರು ಕಟ್ಟಿಕೊಳ್ಳಿ. ಕೈಯಲ್ಲೊಂದು ನಕಾಶೆ ಇರಲಿ, ಅದರಲ್ಲಿ ಎರಡೂ ಕೂಡಲಿಗಳನ್ನು ಮಕ್ಕಳಿಂದಲೇ ಗುರುತು ಹಾಕಿಸಿ.